ಮೂರನೇ ತಿರುವಿನಲ್ಲಿ ನಿಂತವನು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ರೇಸಿನಿಂದ ಶುರು ಮಾಡಿದರೆ ಧೂಳೇಳುತ್ತದೆ, ನಿಮಗೆ ಯಾರ ಮುಖವೂ ಕಾಣುವುದಿಲ್ಲ. ಲೆನ್ಸಿನಿಂದ ಶುರು ಮಾಡಿದರೆ ಅರ್ಧ ಜನ ಪುಟ ಮಗುಚಿ ಅಡುಗೆ ಅಂಕಣಕ್ಕೆ ಹೋಗುತ್ತೀರಿ. ಸಾವಿನಿಂದ ಶುರು ಮಾಡಬಹುದಿತ್ತು, ಮಾಡಿಯೂ ಇದ್ದೆ. ಆದರೆ ಶಾಮಲಾ ನನ್ನನ್ನು ಸುಮ್ಮನೆ ಬಿಡಲಿಲ್ಲ.

ಸರಿ, ಜನರಿಂದಲೇ ಶುರು ಮಾಡೋಣ. ಇರುವುದೇ ಮೂವರು, ಗೊಂದಲವಿಲ್ಲ. ಪ್ರಲ್ಹಾದ, ಭೋಸರಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಧಾರವಾಡ ಕಡೆಯವನು; ಪುಣೆಗೆ ಬಂದು ನೆತ್ತಿಯ ಕೂದಲು ಉದುರುವಷ್ಟು ಕಾಲವಾಗಿದೆ. ಅವನ ಹೆಂಡತಿ ಶಾಮಲಾ. ಶಾಮಲಾಳ ತಮ್ಮ ವಿಕಾಸ. ತಾಯಿ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ತಮ್ಮ. ವಾರವೆಲ್ಲಾ ಒಂದು ಕಾರ್ಖಾನೆಯಲ್ಲಿ ಗಿಯರ್ ಚಕ್ರದ ಹಲ್ಲು ಕೊರೆಯುತ್ತಾನೆ, ಭಾನುವಾರ ಬಂತೆಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ಬೈಕು ಹಾರಿಸುತ್ತಾನೆ.

ವರ್ಷ ೧೯೯೯. ಜಾಗ ಪುಣೆಯ ಅಂಚಿನ ಖರಾಡಿಯ ಬಯಲು. ಗಾಜಿನ ಕಟ್ಟಡಗಳು ಆಗಿನ್ನೂ ಬಂದಿರಲಿಲ್ಲ. ರೇಸ್ ನಡೆಸುವವರು ಲಾರಿಗಟ್ಟಲೆ ಕೆಂಪು ಮಣ್ಣು ತಂದು ಸುರಿದು, ದಿಬ್ಬ ಎಬ್ಬಿಸಿ, ತಿರುವು ಕಡಿದು, ಸುತ್ತ ಹಗ್ಗ ಕಟ್ಟಿ ಟ್ರ್ಯಾಕ್ ಮಾಡುತ್ತಿದ್ದರು. (ನಾನು ಈಗ, ೨೦೦೭ರಲ್ಲಿ, ಇದೇ ಬಯಲಿನ ಮೇಲೆ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಿಲ್ಡರನು ಈಜುಕೊಳದ ವಿಷಯ ಹೇಳಿದ್ದ, ಇದರ ವಿಷಯ ಹೇಳಿರಲಿಲ್ಲ.)

೨

ಈಗ ಲೆನ್ಸಿನ ವಿಚಾರ. ಬೇಜಾರಾಗಬೇಡಿ, ಒಂದು ಜೀವ ಇದರ ಮೇಲೆ ನಿಂತಿದೆ.

ಮುಂಬೈಯ ಒಂದು ಮೋಟಾರು ಪತ್ರಿಕೆಗೆ ಪ್ರಲ್ಹಾದ ರೇಸಿನ ಫೋಟೋ ಕಳಿಸುತ್ತಿದ್ದ. ಅಲ್ಲಿನ ಸಂಪಾದಕರು ಪ್ರತಿ ಸಲವೂ ಒಂದೇ ಮಾತು ಬರೆದು ವಾಪಸ್ ಕಳಿಸುತ್ತಿದ್ದರು: ಬಯಲು ಚೆನ್ನಾಗಿ ಬಂದಿದೆ, ಸವಾರ ಎಲ್ಲಿ? ಮದುವೆ ಮನೆಗೆಂದು ಕೊಂಡ ಲೆನ್ಸಿನಲ್ಲಿ ದೂರದ ಬೈಕು ಹುಡುಕಿದರಷ್ಟೇ ಸಿಗುತ್ತಿತ್ತು. ಪ್ರಲ್ಹಾದನಿಗೆ ಅವಮಾನವಾಗುತ್ತಿತ್ತು. ಅವನಿಗಿಂತ ಹೆಚ್ಚು ವಿಕಾಸನಿಗೆ.

"ಭಾವಾ, ಒಂದ ಸಲ ನನ್ನ ಫೋಟೋ ಕವರ್ ಮ್ಯಾಲೆ ಬರಲಿ. ಆಮ್ಯಾಲೆ ಗಾಡಿ ಮಾರಿಬಿಡ್ತೀನಿ. ಅಕ್ಕನ ಆಣಿ," ಎಂದಿದ್ದ ವಿಕಾಸ.

ಶಾಮಲಾ ಆ ಆಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಲಗೂನ ಒಂದು ಛಲೋ ಲೆನ್ಸ್ ತೊಗೊಂಡು ಬರ್ರಿ," ಎಂದು ಗಂಡನ ಬೆನ್ನು ಹತ್ತಿದಳು. "ಆ ಹಾಳು ಕವರ್ ಒಂದು ಬಂದುಬಿಡ್ಲಿ. ನನ್ನ ತಮ್ಮ ನೆಲದ ಮ್ಯಾಲೆ ನಡೆದಾಡ್ಲಿ."

ಪುಣೆಯ ಕ್ಯಾಂಪ್ ಪೇಟೆಯ ಹಳೇ ಕ್ಯಾಮೆರಾ ಅಂಗಡಿಯ ಮುದುಕ ಗಾಜಿನ ಮೇಜಿನ ಮೇಲೆ ಮೂರು ಜೂಮ್ ಲೆನ್ಸ್ ಸಾಲಾಗಿ ಇಟ್ಟ. ಮೊದಲನೆಯದು ಎಪ್ಪತ್ತರಿಂದ ಇನ್ನೂರಹತ್ತು ಮಿಲಿಮೀಟರಿನದು. ಹಗುರ, ಕೊಳವೆ ಮುಂದಕ್ಕೆ ಎಳೆದರೆ ದೂರದ್ದು ಹತ್ತಿರ ಬರುತ್ತದೆ, ಆದರೆ ಬೆಳಕು ಕಡಿಮೆ ಹಿಡಿಯುತ್ತದೆ. ಎರಡನೆಯದು ಎಂಬತ್ತರಿಂದ ಇನ್ನೂರು. ಬಾಯಿ ದೊಡ್ಡದು, ಧೂಳೆದ್ದು ಬಿಸಿಲು ಮಂಕಾದರೂ ನಡೆಯುತ್ತದೆ, ಹಿಡಿದವನ ತೋಳು ಬಿದ್ದು ಹೋಗುವಷ್ಟು ಭಾರ. ಮೂರನೆಯದು ನೂರರಿಂದ ಮುನ್ನೂರು, ಎಲ್ಲಕ್ಕಿಂತ ಉದ್ದ. ಲೆನ್ಸ್ ಉದ್ದವಾದಷ್ಟೂ ನೀವು ದೂರ ನಿಲ್ಲಬಹುದು ಸಾಹೇಬ್, ಎಂದ ಮುದುಕ ಹಿಂದಿಯಲ್ಲಿ.

(ಕೊಳ್ಳುವವನು ಪ್ರಲ್ಹಾದನಾದರೂ ಆರಿಸುವವನು ನಾನು. ನಾನು ಮೊದಲನೆಯದನ್ನು ಆರಿಸಿದೆ. ಮಧ್ಯಮವರ್ಗದ ಪಾತ್ರಕ್ಕೆ ಹಗುರದ್ದೇ ಸಾಕು ಅನ್ನಿಸಿತು. ಎಷ್ಟು ಸಲೀಸಾಗಿ ಆರಿಸಿದೆ ನೋಡಿ.)

ಅವರ ಮನೆಯಲ್ಲಿ ಒಂದು ಪದ್ಧತಿ. ಮಿಕ್ಸರ್ ಇರಲಿ, ಸ್ಕೂಟರ್ ಇರಲಿ, ಹೊಸದು ಏನು ಬಂದರೂ ಮೊದಲು ಜೇಜುರಿಯ ಬೆಟ್ಟಕ್ಕೆ ಹೋಗಿ ಖಂಡೋಬನ ಭಂಡಾರ, ಅಂದರೆ ಅರಿಶಿನ, ಹಚ್ಚಿಸಿಕೊಂಡು ಬರಬೇಕು. ಪ್ರಲ್ಹಾದ ಬೇಡವೆಂದ, ಲೆನ್ಸಿಗೆ ಅರಿಶಿನ ಆಗಿಬರುವುದಿಲ್ಲವೆಂದ. "ದೇವರಿಗಿಂತ ಶಾಣ್ಯಾ ಆಗಬ್ಯಾಡ್ರಿ," ಎಂದಳು ಶಾಮಲಾ. ಮೆಟ್ಟಿಲ ಮೇಲೆ ಜನ ಹಿಡಿಗಟ್ಟಲೆ ಅರಿಶಿನ ಎರಚುತ್ತಿದ್ದರು, ಗಾಳಿಯೇ ಹಳದಿಯಾಗಿತ್ತು. ಅವಳು ಲೆನ್ಸಿನ ನೆತ್ತಿಗೆ ಒಂದು ಚಿಟಿಕೆ ಹಚ್ಚಿದಳು. ಇವನೋ, ಹೊಸ ಸಾಮಾನಿನ ಹುರುಪಿನಲ್ಲಿ, ಅಲ್ಲೇ ಆ ಹಳದಿಯ ನಡುವೆಯೇ ಕೊಳವೆಯನ್ನು ಎಳೆದು ತಳ್ಳಿ, ಎಳೆದು ತಳ್ಳಿ ಶಿಖರ ನೋಡಿದ. ಅಂಥ ಲೆನ್ಸು ಎಳೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಒಳಗಡೆ ಹಳದಿ ಕಣಗಳು. ಒರೆಸಲು ಬಟ್ಟೆ ಮುಟ್ಟದ ಜಾಗ ಅದು.

೩

ರೇಸಿನ ದಿನ. ಬೆಳಕು ಹಿಡಿಯದ ಲೆನ್ಸು, ಇನ್ನೂರಹತ್ತಕ್ಕೆ ಎಳೆದರೂ ಸಾಲದು. ಹಾಗಾಗಿ ಪ್ರಲ್ಹಾದ ಹಗ್ಗ ದಾಟಿ ಮೂರನೇ ತಿರುವಿನ ಒಳಬದಿಗೆ, ಟ್ರ್ಯಾಕಿನ ಅಂಚಿಗೇ ಹೋಗಿ ನಿಂತ. "ಮಾಗೆ ಸರಾ! ಮಾಗೆ!" ಎಂದು ಬಾವುಟ ಹಿಡಿದವನೊಬ್ಬ ಮರಾಠಿಯಲ್ಲಿ ಕೂಗಿದ. ಪ್ರಲ್ಹಾದ ಹಿಂದೆ ಸರಿಯಲಿಲ್ಲ. ಕವರ್ ಫೋಟೋ ಹಿಂದೆ ನಿಂತವರಿಗೆ ಸಿಗುವುದಿಲ್ಲ ಎಂದುಕೊಂಡ.

ಓಡುವ ಬೈಕಿನ ಫೋಟೋ ತೆಗೆಯುವುದಕ್ಕೆ ಒಂದು ರೀತಿ ಇದೆ. ಬೈಕು ಬರುತ್ತಿದ್ದಂತೆ ಲೆನ್ಸನ್ನು ಅದರ ಜೊತೆಗೇ ತಿರುಗಿಸಬೇಕು. ಕಾಲು ಕದಲಬಾರದು, ಸೊಂಟ ತಿರುಗಬೇಕು. ತಿರುಗುತ್ತಾ ತಿರುಗುತ್ತಾ ಗುಂಡಿ ಒತ್ತಬೇಕು. ಆಗ ಸವಾರ ನಿಚ್ಚಳ, ಹಿಂದಿನ ಲೋಕವೆಲ್ಲ ಗೀಚು. ಇನ್ನೊಂದು ವಿಷಯವಿದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಈ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ. ನೀವು ಕಣ್ಣಿಟ್ಟು ನೋಡುವುದು ಅದರಲ್ಲಿ ಬಿದ್ದದ್ದನ್ನು. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಬೆಳಕು ಫಿಲ್ಮಿಗೆ ಹೋಗುತ್ತದೆ, ನಿಮ್ಮ ಕಣ್ಣಿಗೆ ಕತ್ತಲೆ. ಅಂದರೆ ಫೋಟೋದಲ್ಲಿ ಸಿಕ್ಕ ಕ್ಷಣವನ್ನು ಫೋಟೋ ತೆಗೆದವನು ನೋಡಿರುವುದೇ ಇಲ್ಲ.

ವಿಕಾಸ ದಿಬ್ಬದಿಂದ ಹಾರಿ ಇಳಿದ. ಇಳಿದವನಿಗೆ ಎದುರಿಗೇ ಭಾವ ಕಂಡ. ತಪ್ಪಿಸಲೆಂದು ಹ್ಯಾಂಡಲ್ ಎಳೆದ. ಅದೇ ಹೊತ್ತಿಗೆ ಪ್ರಲ್ಹಾದ ಗುಂಡಿ ಒತ್ತಿದ. ಕಣ್ಣಿಗೆ ಕತ್ತಲೆ. ಕತ್ತಲೆ ಸರಿದಾಗ ಬೈಕು ಒಂದು ಕಡೆ, ವಿಕಾಸ ಒಂದು ಕಡೆ. ಹಗ್ಗದ ಆಚೆ ಶಾಮಲಾ ಕೈ ಎತ್ತಿ ಬಾಯಿ ತೆರೆದಳು. ವಿಕಾಸ ಏಳಲಿಲ್ಲ.

ಇಲ್ಲಿಗೆ ನಿಲ್ಲಿಸಿದೆ. ಥೂ, ಇದೂ ಒಂದು ಕಥೆಯೇ? ಇಷ್ಟು ಸುಲಭವಾಗಿ ಒಬ್ಬನನ್ನು ಕೊಂದರೆ ಓದುಗರು ನನಗೆ ಉಗಿಯುವುದಿಲ್ಲವೇ? ಫೈಲನ್ನು ಹಾಗೇ ಎಳೆದು ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿ, ಚಹಾ ಕುಡಿಯಲು ಹೋದೆ.

೩ (ಮತ್ತೊಮ್ಮೆ)

ಈ ಸಲ ನಾನು ಜಾಣನಾದೆ. ಎರಡನೇ ಲೆನ್ಸ್ ಕೊಡಿಸಿದೆ, ಭಾರದ್ದು, ಬೆಳಕಿನದ್ದು. ಜೇಜುರಿಯ ಪ್ರಸಂಗವನ್ನೇ ಕಿತ್ತು ಹಾಕಿದೆ. ಪ್ರಲ್ಹಾದನನ್ನು ಹಗ್ಗದ ಹೊರಗೆ, ಪೇರಿಸಿದ ಹಳೇ ಟೈರುಗಳ ಹಿಂದೆ ನಿಲ್ಲಿಸಿದೆ. ವಿಕಾಸ ದಿಬ್ಬ ಹಾರಿದ, ಮೂರನೇ ತಿರುವು ಸಲೀಸಾಗಿ ತಿರುಗಿದ, ಎರಡನೇ ಸ್ಥಾನಕ್ಕೆ ಬಂದ. ಮೂವರೂ ಕಬ್ಬಿನ ಹಾಲು ಕುಡಿದು ಮನೆಗೆ ಹೋದರು. ಸುಖಾಂತ! ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಲ್ಯಾಬಿನಿಂದ ಫೋಟೋಗಳು ಬಂದವು.

ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿಗಳಿರಲಿಲ್ಲ. ಪ್ರಲ್ಹಾದ ಒಂದೊಂದೇ ಫೋಟೋ ಮೇಜಿನ ಮೇಲೆ ಹರಡಿದ. ದಿಬ್ಬದ ಮೇಲೆ ವಿಕಾಸ, ಚೆನ್ನಾಗಿದೆ. ಗಾಳಿಯಲ್ಲಿ ವಿಕಾಸ, ಭಾಳ ಚೆನ್ನಾಗಿದೆ. ಮುಂದಿನದನ್ನು ತೆಗೆದವನು ಅದನ್ನು ಮೇಜಿನ ಮೇಲಿಡಲಿಲ್ಲ. ಮೂರನೇ ತಿರುವಿನಲ್ಲಿ ಬೈಕು ಒಂದು ಕಡೆ ಬಿದ್ದಿದೆ, ವಿಕಾಸ ಒಂದು ಕಡೆ ಬಿದ್ದಿದ್ದಾನೆ. ಟ್ರ್ಯಾಕಿನ ಅಂಚಿನಲ್ಲಿ ಒಬ್ಬ ಮನುಷ್ಯ ಕ್ಯಾಮೆರಾ ಹಿಡಿದು ನಿಂತಿದ್ದಾನೆ. ಬೆನ್ನು ಈಚೆಗಿದೆ. ಕೈಯಲ್ಲಿ ಹಗುರದ, ಎಳೆಯುವ ಲೆನ್ಸು. ಚಿತ್ರದ ತುಂಬ ಹಳದಿ ಕಣಗಳು.

ಆ ಮನುಷ್ಯನ ಚೌಕಳಿ ಅಂಗಿಯನ್ನು ಪ್ರಲ್ಹಾದ ಗುರುತಿಸಿದ. ನೆತ್ತಿಯನ್ನೂ ಗುರುತಿಸಿದ. ಕನ್ನಡಿಯಲ್ಲಿ ತನ್ನ ನೆತ್ತಿ ಯಾರಿಗೂ ಕಾಣುವುದಿಲ್ಲ ನಿಜ, ಆದರೆ ತನ್ನದು ತನಗೆ ಗೊತ್ತಾಗಿಬಿಡುತ್ತದೆ.

ಕಾರ್ಖಾನೆಗೆ ಫೋನ್ ಮಾಡಿದ. ವಿಕಾಸ ಸಂಜೆ ಬಂದ, ಗಟ್ಟಿಮುಟ್ಟಾಗಿದ್ದ. ಫೋಟೋ ನೋಡಿ ನಕ್ಕ. "ಯಾರದೋ ಫಿಲ್ಮ್ ಕೂಡಿಕೊಂಡದ ಭಾವಾ. ಲ್ಯಾಬಿನವರು ಗಡಬಡ ಮಾಡ್ಯಾರ," ಎಂದ. ನಗುತ್ತಲೇ ಎಡಭುಜ ತಿಕ್ಕಿಕೊಂಡ. "ಭುಜ ಯಾಕೋ ನಿನ್ನೆಯಿಂದ ಹಿಡಕೊಂಡದ. ಬಿದ್ದಂತೂ ಇಲ್ಲ."

ಶಾಮಲಾ ನಗಲಿಲ್ಲ. ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಏನ್ರೀ, ನಾವು ಜೇಜುರಿಗೆ ಹೋಗಿದ್ವಲ್ಲ?"

"ಯಾವಾಗ?" ಎಂದ ಪ್ರಲ್ಹಾದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಅಳಿಸಿದ್ದೆನಲ್ಲ.

ಅವಳು ಸೆರಗು ಮುಂದೆ ಹಿಡಿದು ತೋರಿಸಿದಳು. ಅಂಚಿನಲ್ಲಿ ಹಳದಿ ಕಲೆ ಇತ್ತು. ಎಷ್ಟು ತೊಳೆದರೂ ಹೋಗುತ್ತಿಲ್ಲ ಎಂದಳು.

(ಈ ಸಾಲನ್ನು ನಾನು ಬರೆದಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮತ್ತೊಮ್ಮೆ ಚಹಾ ಕುಡಿದು ಬಂದು ನೋಡಿದಾಗ ಪರದೆಯ ಮೇಲಿತ್ತು.)

೫

ನಾಲ್ಕನೇ ಭಾಗವನ್ನು ಹುಡುಕಬೇಡಿ. ಬರೆದಿದ್ದೆ, ಹೆದರಿ ಅಳಿಸಿದೆ. ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಈಗ ನನ್ನ ತಲೆನೋವು.

ಆಯಿತು, ಕೊನೆಯ ಲೆನ್ಸು. ಎಲ್ಲಕ್ಕಿಂತ ಉದ್ದದ್ದು. ಮುಂದಿನ ರೇಸಿಗೆ ಪ್ರಲ್ಹಾದನನ್ನು ಬಯಲಿನ ಆಚೆ, ನೀರಿನ ಟ್ಯಾಂಕಿನ ಮೇಲೆ ಹತ್ತಿಸಿದೆ. ಅಲ್ಲಿಂದ ಸವಾರರು ಕೆಂಪು ಮಣ್ಣಿನ ಮೇಲೆ ಚುಕ್ಕೆಗಳು. ಅವನು ಮುನ್ನೂರಕ್ಕೆ ತಿರುಗಿಸಿ ಒಂದೇ ಒಂದು ಫೋಟೋ ತೆಗೆದ, ಅದೂ ನನ್ನ ಒತ್ತಾಯಕ್ಕೆ. ವಿಕಾಸ ಬೀಳಲಿಲ್ಲ. ಆ ಸಲವೂ ಬೀಳಲಿಲ್ಲ.

ಫೋಟೋ ಬಂತು. ದೂರ ನಿಂತಷ್ಟೂ ಆ ಬಿದ್ದ ಗಳಿಗೆಯೇ ಹತ್ತಿರ ಬಂದಿತ್ತು. ಈಗ ಕೈಗವಸಿನ ಹೊಲಿಗೆ ಕಾಣುತ್ತಿತ್ತು. ಅರ್ಧ ಮಡಚಿದ ಬೆರಳುಗಳು ಕಾಣುತ್ತಿದ್ದವು. ಹೆಲ್ಮೆಟ್ಟಿನ ಗಾಜಿನ ಮೇಲೆ ಮಣ್ಣು ಕೂತಿತ್ತು. ಪಕ್ಕದಲ್ಲಿ ನಿಂತವನ ಚಪ್ಪಲಿ, ಅವನ ನೆರಳು. ಹಿಂದೆ ಹಗ್ಗ ಹಿಡಿದು, ಕೈ ಎತ್ತಿ, ಬಾಯಿ ತೆರೆದು ನಿಂತ ಹೆಂಗಸು ಶಾಮಲಾ.

ಪ್ರಲ್ಹಾದ ಹಳೆಯ ಫೋಟೋವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟ. ನೆರಳು ಒಂದಿಷ್ಟೂ ಸರಿದಿರಲಿಲ್ಲ. ಬೈಕಿನಿಂದ ಎದ್ದ ಧೂಳು ಇನ್ನೂ ಕೆಳಗಿಳಿದಿರಲಿಲ್ಲ. ಅವನು ತಲೆ ಎತ್ತಿ ಮೊದಲ ಸಲ ನನ್ನ ಕಡೆ ನೋಡಿದ. ನೋಡಿದವನ ಕಣ್ಣಲ್ಲಿ ನೀರಿತ್ತು.

"ಬರಿಯೋ ಸಾಹೇಬ್ರ, ಒಂದು ಮಾತು ಕೇಳ್ಲಿ? ಇಂವಾ, ಅಲ್ಲಿ ನಿಂತಾಂವ, ಯಾಕ ಓಡೂದಿಲ್ರಿ? ಕಣ್ಣೆದುರಿಗೆ ಹುಡುಗ ಬಿದ್ದಾನ. ನಾನಾಗಿದ್ರ ಓಡ್ತಿದ್ದೆ. ನಾನ ಅಲ್ಲೇನು ಅಂವಾ? ಯಾಕ ಓಡೂದಿಲ್ಲ?"

ಓಡಿದ ಎಂದು ನಾನು ಬರೆದಿರಲಿಲ್ಲ. ಅಷ್ಟೇ ಕಾರಣ.

ಮನೆಯಲ್ಲಿ ವಿಕಾಸನ ಎಡಗೈ ಮೇಲೇಳುತ್ತಿರಲಿಲ್ಲ. ಡಾಕ್ಟರು ಎಕ್ಸ್-ರೇ ತೆಗೆದು ಎಲುಬು ನೆಟ್ಟಗಿದೆ ಅಂದರು. ಊಟ ಮಾಡುತ್ತಿದ್ದವನು ತುತ್ತು ಹಿಡಿದು ಹಾಗೇ ಕೂತುಬಿಡುತ್ತಿದ್ದ. ಮತ್ತೆ ಕರೆದರೆ ಮುಂದುವರಿಸುತ್ತಿದ್ದ. ಸ್ನಾನ ಮಾಡಿ ಬಂದ ಮೇಲೂ ಅವನ ಕಿವಿಯಿಂದ ಕೆಂಪು ಮಣ್ಣು ಉದುರುತ್ತಿತ್ತು. ಶಾಮಲಾ ಒದ್ದೆ ಬಟ್ಟೆಯ ತುದಿಯಿಂದ ಅದನ್ನು ತೆಗೆಯುತ್ತಿದ್ದಳು, ಚಿಕ್ಕವನಿದ್ದಾಗ ತೆಗೆಯುತ್ತಿದ್ದಂತೆಯೇ. ತೆಗೆದಷ್ಟೂ ಬರುತ್ತಿತ್ತು.

"ಅಕ್ಕಾ, ಬಿಸಿಲು ಭಾಳ ಅದಲ್ಲ?" ಎಂದನಂತೆ ಒಂದು ಸಂಜೆ. ಹೊರಗೆ ಮೋಡ ಕವಿದಿತ್ತು.

೬

ಭಾನುವಾರ ಮಧ್ಯಾಹ್ನ ನನ್ನ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಶಾಮಲಾ. ಸೆರಗಿನಲ್ಲಿ ಹಳದಿ ಕಲೆ ಇರದಿದ್ದರೆ ಕೆಳಗಿನ ಮನೆಯವರು ಯಾರೋ ಎಂದುಕೊಳ್ಳುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ನೆಲ ನೋಡಿದಳು. ಕಿಟಕಿ ಎಲ್ಲಾ ಮುಚ್ಚಿದ್ದರೂ ಭಾನುವಾರ ನನ್ನ ನೆಲದ ಮೇಲೆ ಕೆಂಪು ಧೂಳು ಕೂಡುತ್ತದೆ. ಕೆಲಸದ ಗಂಗೂಬಾಯಿ ಇದಕ್ಕೇ ಜಗಳವಾಡಿ ಬಿಟ್ಟು ಹೋದಳು.

"ಮೂರನೇ ತಿರುವು ಇಲ್ಲೇ ಬರ್ತದ," ಎಂದಳು ಶಾಮಲಾ. ಸೋಫಾ ಇರುವ ಜಾಗ ತೋರಿಸಿದಳು. "ಇಲ್ಲೇ ನೋಡ್ರಿ."

ಕೂಡಿರಿ ಅಂದೆ. ಕೂಡಲಿಲ್ಲ. ನಾನು ಗಾಬರಿಯಲ್ಲಿ ಒಂದರ ಹಿಂದೊಂದು ಮುಕ್ತಾಯಗಳನ್ನು ಅವಳ ಮುಂದೆ ಇಟ್ಟೆ. ಸೀರೆ ಅಂಗಡಿಯವನು ಮಡಿಕೆ ಬಿಚ್ಚಿ ಬಿಚ್ಚಿ ಹಾಕುತ್ತಾನಲ್ಲ, ಹಾಗೆ.

"ವಿಕಾಸ ರೇಸ್ ಬಿಟ್ಟು ಗ್ಯಾರೇಜ್ ಹಾಕ್ತಾನೆ. ಹೇಗೆ?"

"ಕಿವಿಯಾಗಿನ ಮಣ್ಣು?"

"ಸರಿ, ಇದೆಲ್ಲಾ ಪ್ರಲ್ಹಾದ ಕಂಡ ಕನಸು ಅಂತ ಮಾಡಿದರೆ?"

"ನಾಚಿಕಿ ಬರೂದಿಲ್ಲೇನ್ರೀ ನಿಮಗ?"

"ಲೆನ್ಸ್ ಕಳುವಾಯಿತು. ಫೋಟೋನೇ ಇಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ."

"ಗೊತ್ತಾಗದಿದ್ರ ಅಂವಾ ಅಲ್ಲಿಂದ ಎದ್ದು ಬರ್ತಾನೇನು?" ಅವಳು ಸೋಫಾದ ಕಡೆ ಬೆರಳು ಮಾಡಿದಳು. "ನೀವು ಪ್ರತಿ ಸಲ ಹೊಸದಾಗಿ ಬರೆದಾಗೂ ನಾವು ಎದ್ದು ಕಬ್ಬಿನ ಹಾಲು ಕುಡಿದು ಮನಿಗೆ ಬರ್ತೀವಿ. ಅಲ್ಲಿ ಒಬ್ಬಾಂವ ಮಣ್ಣಾಗ ಬಿದ್ದಾನ. ಅವನ ಮುಂದ ನನ್ನ ಗಂಡ ಕ್ಯಾಮೆರಾ ಹಿಡಕೊಂಡು ನಿಂತಾರ. ನಾನು ಬಾಯಿ ತಗದು ನಿಂತೀನಿ, ಧ್ವನಿನೂ ಹೊರಗ ಬಂದಿಲ್ಲ. ನೀವು ನಮ್ಮನ್ನ ಹಂಗ ಬಿಟ್ಟು ಚಹಾ ಕುಡೀಲಿಕ್ಕೆ ಹೋದ್ರಿ."

ನಾನು ಕಾಲಿನಿಂದ ನೆಲದ ಧೂಳು ಸರಿಸಿದೆ.

"ಮನ್ಯಾಗ ಇರೋ ವಿಕಾಸ ದಿನಾ ಅಲ್ಲಿಗೆ ಜಗ್ಗಿ ಹೋಗ್ಲಿಕ್ಕತ್ತಾನ. ಅಲ್ಲಿದ್ದಾಂವನ್ನ ಎತ್ತಲಿಲ್ಲ ಅಂದ್ರ ಇಂವಾನೂ ನನ್ನ ಕೈಗೆ ಉಳಿಯೂದಿಲ್ರಿ. ನನಗ ಮತ್ತೊಂದು ಕಥಿ ಬ್ಯಾಡ. ಅಲ್ಲಿಗೇ ಹೋಗಿ ಬರೀರಿ."

"ಆದರೆ ಅಲ್ಲಿ ಅವನು ಸತ್ತಿದ್ದಾನಲ್ಲ, ಶಾಮಲಾಬಾಯಿ."

"ಸತ್ತ ಅಂತ ಬರದೀರೇನು?"

ನೆನಪು ಮಾಡಿಕೊಂಡೆ. ಬರೆದಿರಲಿಲ್ಲ. ಏಳಲಿಲ್ಲ ಎಂದಷ್ಟೇ ಬರೆದಿದ್ದೆ. ಉಳಿದದ್ದನ್ನು ನಾನೇ ತೀರ್ಮಾನಿಸಿಕೊಂಡಿದ್ದೆ. ನೀವೂ ತೀರ್ಮಾನಿಸಿಕೊಂಡಿರಿ, ಸುಳ್ಳು ಹೇಳಬೇಡಿ.

"ಬಿದ್ದ ಮನಷ್ಯಾಗ ಏಳಲಿಕ್ಕೆ ವ್ಯಾಳ್ಯಾ ಕೊಡಬೇಕೋ ಬ್ಯಾಡೋ?" ಎಂದಳು ಶಾಮಲಾ. ಸೆರಗಿನಿಂದ ಮುಖ ಒರೆಸಿಕೊಂಡಳು. ಅರಿಶಿನದ ಕಲೆ ಕೆನ್ನೆಗೆ ಹತ್ತಿತು.

೩ (ಬುಟ್ಟಿಯಿಂದ ತೆಗೆದದ್ದು)

ಫೈಲ್ ಇನ್ನೂ ಇತ್ತು. ತೆರೆದೊಡನೆ ಕೋಣೆಯ ತುಂಬ ಬಿಸಿ ಹೊಡೆಯಿತು. ಸುಟ್ಟ ಎಣ್ಣೆಯ ವಾಸನೆ ಬಂತು. ಕೊನೆಯ ಸಾಲಿನ ಮುಂದೆ ಕರ್ಸರು ಮಿಣುಕುತ್ತಿತ್ತು. ನನ್ನ ಬೆನ್ನ ಹಿಂದೆ ಶಾಮಲಾ ನಿಂತಿದ್ದಳು. ನಾನು ಬರೆದೆ:

ಶಾಮಲಾಳ ಗಂಟಲಿನಿಂದ ಧ್ವನಿ ಹೊರಬಂತು.

ಬರೆದದ್ದೇ ತಡ, ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಕೂಗು ಮುಂದಿನಿಂದ ಕೇಳಿಸಿತು, ಪರದೆಯ ಆ ಕಡೆಯಿಂದ, ಇಡೀ ಕಟ್ಟಡ ಅದುರುವ ಹಾಗೆ. ಬೆರಳು ನಿಲ್ಲಿಸಲಿಲ್ಲ.

ಅವಳು ಹಗ್ಗದ ಕೆಳಗೆ ಬಗ್ಗಿ ಓಡಿ ಬಂದಳು. ಪ್ರಲ್ಹಾದ ಕ್ಯಾಮೆರಾವನ್ನು ಕೈಬಿಟ್ಟ. ಅದು ಎಲ್ಲಿ ಬಿತ್ತೆಂದು ಅವನು ನೋಡಲಿಲ್ಲ. ಅವನೂ ಓಡಿದ. ಎಷ್ಟು ಹೊತ್ತಿನಿಂದ ಒಂದೇ ಕಡೆ ನಿಂತ ಕಾಲುಗಳೋ, ಎರಡು ಹೆಜ್ಜೆಗೇ ಮುಗ್ಗರಿಸಿ ಮಣ್ಣಿಗೆ ಬಿದ್ದು, ಮಂಡಿಯಿಂದಲೇ ತೆವಳಿ ಹುಡುಗನ ಹತ್ತಿರ ಮುಟ್ಟಿದ. "ವಿಕ್ಯಾ, ಏ ವಿಕ್ಯಾ, ನಾ ಅದೀನಿ," ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಬಾವುಟದವನು ಸ್ಟ್ರೆಚರ್ ತರಿಸಲು ಕೂಗುತ್ತಾ ಓಡಿದ. ಧೂಳು ನಿಧಾನವಾಗಿ ಕೆಳಗಿಳಿಯಿತು. ನೆರಳುಗಳು ಕದಲಿದವು.

ಶಾಮಲಾ ತಮ್ಮನ ಗದ್ದದ ಕೆಳಗಿನ ಪಟ್ಟಿ ಬಿಚ್ಚಿದಳು. ಹೆಲ್ಮೆಟ್ ತೆಗೆಯಬೇಡ, ಕುತ್ತಿಗೆಗೆ ಪೆಟ್ಟಾಗಿರಬಹುದು ಎಂದು ಪ್ರಲ್ಹಾದ ಹೇಳಿದ. ಅವಳು ತೆಗೆಯಲಿಲ್ಲ, ಗಾಜನ್ನು ಮಾತ್ರ ಮೇಲೆತ್ತಿದಳು.

ಇಲ್ಲಿ ನನ್ನ ಹತ್ತಿರ ಎರಡು ಸಾಲುಗಳು ತಯಾರಿದ್ದವು. ಎರಡೂ ಚೆನ್ನಾಗಿದ್ದವು. ಒಂದರಲ್ಲಿ ಕಣ್ಣು ತೆರೆದಿರುತ್ತದೆ, ಬದುಕಿದ್ದಾನೆ; ಇನ್ನೊಂದರಲ್ಲೂ ತೆರೆದಿರುತ್ತದೆ, ಬದುಕಿಲ್ಲ. (ವಾಕ್ಯ ಕಟ್ಟುವವರ ದುರ್ಬುದ್ಧಿ ನೋಡಿ, ಇಂಥ ಹೊತ್ತಿನಲ್ಲೂ.) ಯಾವುದನ್ನು ಹಾಕಲಿ ಎಂದು ಬಗ್ಗಿ ನೋಡಿದೆ.

ಶಾಮಲಾ ನನಗೆ ಅಡ್ಡವಾಗಿ ಕೂತುಬಿಟ್ಟಳು. ಬೆನ್ನು ನನ್ನ ಕಡೆ, ಸೆರಗು ಹರಡಿ, ಹುಡುಗನ ಮುಖ ನನಗೆ ಕಾಣದ ಹಾಗೆ. ಎಡಕ್ಕೆ ಸರಿದೆ, ಅವಳೂ ಸರಿದಳು. ಪ್ರಲ್ಹಾದ ಅಂಗಿ ಬಿಚ್ಚಿ ಇಬ್ಬರ ಮೇಲೂ ನೆರಳು ಹಿಡಿದ. ಸಂಪಾದಕರು ಬುಧವಾರದೊಳಗೆ ಕಥೆ ಬೇಕೆಂದಿದ್ದಾರೆ, ಓದುಗರು ಕಾಯುತ್ತಿದ್ದಾರೆ ಎಂದೆಲ್ಲ ಹೇಳಿದೆ. ಯಾರೂ ತಿರುಗಲಿಲ್ಲ.

ಕೊನೆಗೆ ಬಾಯಿಬಿಟ್ಟು ಕೇಳಿದೆ. "ಉಸಿರು ಅದ ಏನ್ರೀ?"

ಶಾಮಲಾ ಹುಡುಗನ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ತಿರುಗಿ ನೋಡದೆ ಹೇಳಿದಳು.

"ಸುಮ್ನಿರ್ರಿ. ಇನ್ನೂ ಸ್ವಲ್ಪ ವ್ಯಾಳ್ಯಾ ನನಗ ನೋಡ್ಲಿಕ್ಕೆ ಬಿಡ್ರಿ."